‘ವಹಿಸಬಹುದು’ ಎಂಬ ಮಾತಿನ ಬೆಲೆ

ಮಾನ್ಯ ಸಂಪಾದಕರೇ,

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಚುನಾವಣೆ ನಡೆಯದಿರುವ ಬಗ್ಗೆ ತಮ್ಮ ಓದುಗರ ಅಂಕಣದಲ್ಲಿ ಬರುತ್ತಿರುವ ಪತ್ರಗಳನ್ನು ಗಮನವಿಟ್ಟು ಓದುತ್ತಿದ್ದೇನೆ. ಅಧಿಕಾರವನ್ನು ಕೆಳಗಿನವರಿಗೆ ಹಂಚುತ್ತಾ ಹೋದರೆ ಪ್ರತಿಯೊಂದು ಪ್ರದೇಶವೂ ತನ್ನದೇ ದಾರಿ ಹಿಡಿಯುತ್ತದೆ, ಕೊನೆಗೆ ದೇಶವೇ ಸಡಿಲಗೊಳ್ಳುತ್ತದೆ, ಯುರೋಪಿನಲ್ಲಿ ಆಗುತ್ತಿರುವುದೂ ಇದೇ ಎಂದು ಅವುಗಳಲ್ಲೊಂದು ಪತ್ರ ವಾದಿಸಿತ್ತು. ಬರೆದವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಯುರೋಪಿನ ಮಾತು ಬಂದಿರುವುದರಿಂದ, ಅಲ್ಲಿನ ಒಂದು ಗುಡ್ಡಗಾಡು ಪ್ರಾಂತ್ಯದ ಕಥೆಯನ್ನು ಹಾಸನ ಮತ್ತು ಚಿಕ್ಕಮಗಳೂರಿನ ಓದುಗರ ಮುಂದೆ ಇಡಬೇಕೆನಿಸಿತು. ಆ ಕಥೆ ಹೇಳುವುದು ಇದಕ್ಕೆ ತೀರಾ ವಿರುದ್ಧವಾದುದನ್ನು.

ನನ್ನ ಮಗ ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ಕೆಲವು ವರ್ಷಗಳ ಹಿಂದೆ ಬೇಸಿಗೆಯಲ್ಲಿ ಅವನ ಮನೆಗೆ ಹೋಗಿದ್ದಾಗ, ಕಾರಿನಲ್ಲಿ ಆಸ್ಟ್ರಿಯಾ ದಾಟಿಸಿ ಇಟಲಿಯ ಉತ್ತರದ ತುದಿಗೆ ಕರೆದುಕೊಂಡು ಹೋದ. ರೆಶೆನ್ ಘಾಟಿಯನ್ನು ದಾಟುತ್ತಿದ್ದಂತೆ ರಸ್ತೆಯ ಪಕ್ಕದಲ್ಲೇ ಒಂದು ಜಲಾಶಯ ಕಾಣಿಸಿತು. ಅದರ ನೀರಿನಲ್ಲಿ ಚರ್ಚಿನ ಗಂಟೆಗೋಪುರವೊಂದೇ ತಲೆಯೆತ್ತಿ ನಿಂತಿತ್ತು. ಹಾಸನದವರಿಗೆ ಅಂತಹ ನೋಟ ಹೊಸದಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರಿಗೆ ಸಿಕ್ಕಿ, ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮೇಲೇಳುವ ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನು ನಾವು ಎಷ್ಟು ಸಲ ನೋಡಿಲ್ಲ! ಅಲ್ಲಿ ಮುಳುಗಿದ್ದು ಗ್ರೌನ್ ಎಂಬ ಊರು. 1950ರಲ್ಲಿ ವಿದ್ಯುತ್ ಉತ್ಪಾದನೆಗಾಗಿ ನೀರು ನಿಲ್ಲಿಸಿದಾಗ 163 ಮನೆಗಳೂ 523 ಹೆಕ್ಟೇರ್ ಜಮೀನೂ ಮುಳುಗಿದವು. ಊರು ಮುಳುಗಲಿದೆ ಎಂಬ ಪ್ರಕಟಣೆಯನ್ನು ಇಟಾಲಿಯನ್ ಭಾಷೆಯಲ್ಲಿ ಅಂಟಿಸಿದ್ದರೆಂದೂ, ಜರ್ಮನ್ ಮಾತನಾಡುವ ಊರವರಿಗೆ ಅದರ ಅರ್ಥವೇ ಆಗಲಿಲ್ಲವೆಂದೂ ಅಲ್ಲಿ ಈಗಲೂ ಹೇಳುತ್ತಾರೆ. ದಡದಲ್ಲಿ ನಿಂತು ಇದನ್ನು ಕೇಳಿದಾಗ ನನಗೆ ಹೇಮಾವತಿ ಯೋಜನೆಯಲ್ಲಿ ಮನೆ ಕಳೆದುಕೊಂಡ ನಮ್ಮ ನೆಂಟರ ನೆನಪಾಯಿತು. ಆ ಗೋಪುರದ ಹಿಂದಿನ ರಾಜಕೀಯವನ್ನು ತಿಳಿದುಕೊಳ್ಳಬೇಕೆಂಬ ಆಸೆ ಹುಟ್ಟಿದ್ದೂ ಅಲ್ಲಿಯೇ. ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ.

ಆ ಪ್ರಾಂತ್ಯವನ್ನು ಜರ್ಮನ್ ಮಾತನಾಡುವವರು ಸುಡ್‌ಟಿರೋಲ್ ಎಂದೂ ಇಟಾಲಿಯನ್ನರು ಆಲ್ತೋ ಆದಿಜೆ ಎಂದೂ ಕರೆಯುತ್ತಾರೆ. ನಾವು ದಕ್ಷಿಣ ಟಿರೋಲ್ ಎನ್ನಬಹುದು. ವಿಸ್ತೀರ್ಣ ಸುಮಾರು 7,400 ಚದರ ಕಿಲೋಮೀಟರ್. ಚಿಕ್ಕಮಗಳೂರು ಜಿಲ್ಲೆಯದು 7,201, ಹಾಸನದ್ದು 6,814. ಜನಸಂಖ್ಯೆ ಸುಮಾರು 5.4 ಲಕ್ಷ, ಅಂದರೆ 2011ರ ಜನಗಣತಿಯ ಚಿಕ್ಕಮಗಳೂರಿನ ಅರ್ಧದಷ್ಟೂ ಇಲ್ಲ. ನಮ್ಮಲ್ಲಿ ಕಾಫಿ, ಅವರಲ್ಲಿ ಸೇಬು. ಇಷ್ಟು ಚಿಕ್ಕ ಪ್ರದೇಶಕ್ಕೆ ಶಾಲೆ, ಆಸ್ಪತ್ರೆ, ರಸ್ತೆ, ಕೃಷಿ, ಅರಣ್ಯ, ಪ್ರವಾಸೋದ್ಯಮಗಳನ್ನು ತಾನೇ ನಡೆಸುವ ಅಧಿಕಾರವಿದೆ, ಅವುಗಳಲ್ಲಿ ಹಲವು ವಿಷಯಗಳಿಗೆ ಕಾನೂನು ಮಾಡುವ ಅಧಿಕಾರವೂ ಇದೆ. ರಕ್ಷಣೆ, ವಿದೇಶಾಂಗ, ನಾಣ್ಯ, ನ್ಯಾಯಾಂಗ, ಪೊಲೀಸ್ ಇವೆಲ್ಲ ರೋಮ್‌ನ ಕೈಯಲ್ಲೇ ಇವೆ.

ಇದು ಸುಲಭವಾಗಿ ಬಂದದ್ದಲ್ಲ. ಮೊದಲನೆಯ ಮಹಾಯುದ್ಧದವರೆಗೂ ಆಸ್ಟ್ರಿಯಾದ ಭಾಗವಾಗಿದ್ದ ಈ ನೆಲವನ್ನು 1919ರ ಒಪ್ಪಂದ ಇಟಲಿಗೆ ಕೊಟ್ಟಿತು. ಅಲ್ಲಿ ವಾಸವಾಗಿದ್ದವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಮುಸೊಲಿನಿಯ ಕಾಲದಲ್ಲಿ ಜರ್ಮನ್ ಶಾಲೆಗಳನ್ನು ಮುಚ್ಚಿಸಿದರು, ಊರುಗಳಿಗೆ ಇಟಾಲಿಯನ್ ಹೆಸರಿಟ್ಟರು, ಸಮಾಧಿ ಕಲ್ಲಿನ ಬರಹವೂ ಇಟಾಲಿಯನ್ನಿನಲ್ಲೇ ಇರಬೇಕೆಂದರು. ಮಕ್ಕಳಿಗೆ ತಾಯ್ನುಡಿಯ ಅಕ್ಷರ ಕಲಿಸಲು ಊರವರು ಕದ್ದುಮುಚ್ಚಿ ಪಾಠ ನಡೆಸಿದರು. 1939ರಲ್ಲಿ ಹಿಟ್ಲರ್ ಮತ್ತು ಮುಸೊಲಿನಿ ಸೇರಿ ಮುಂದಿಟ್ಟ ಆಯ್ಕೆ ಇನ್ನೂ ಕ್ರೂರವಾದದ್ದು: ಊರು ಬಿಟ್ಟು ಜರ್ಮನಿಗೆ ಹೋಗಿ, ಇಲ್ಲವೇ ಇಲ್ಲಿಯೇ ಉಳಿದು ಇಟಾಲಿಯನ್ನರಾಗಿ. ಬಹುಪಾಲು ಜನ ಹೋಗುವುದನ್ನೇ ಆರಿಸಿಕೊಂಡರು. ಯುದ್ಧ ಬಂದದ್ದರಿಂದ ಸುಮಾರು 75,000 ಮಂದಿ ಮಾತ್ರ ಹೊರಟರು. ಒಂದೇ ಮನೆಯಲ್ಲಿ ಹೋಗುವೆನೆಂದ ಅಣ್ಣ, ಉಳಿಯುವೆನೆಂದ ತಮ್ಮ ಮುಖ ನೋಡದಂತಾದ ಕಾಲ ಅದು.

ಯುದ್ಧ ಮುಗಿದ ಮೇಲೆ, 1946ರ ಸೆಪ್ಟೆಂಬರ್ 5ರಂದು ಆಸ್ಟ್ರಿಯಾದ ವಿದೇಶಾಂಗ ಸಚಿವ ಕಾರ್ಲ್ ಗ್ರೂಬರ್ ಮತ್ತು ಇಟಲಿಯ ಪ್ರಧಾನಿ ಆಲ್ಚೀದೆ ದೆ ಗಾಸ್ಪೆರಿ ಪ್ಯಾರಿಸ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಗಡಿ ಬದಲಾಗುವುದಿಲ್ಲ, ಆದರೆ ಅಲ್ಲಿನ ಜರ್ಮನ್ ಭಾಷಿಕರಿಗೆ ತಾಯ್ನುಡಿಯ ಶಿಕ್ಷಣವೂ ಸ್ವಯಮಾಡಳಿತವೂ ದೊರೆಯುತ್ತದೆ ಎಂಬುದು ಅದರ ತಿರುಳು. 1948ರಲ್ಲಿ ಸ್ವಾಯತ್ತತೆಯ ಕಾಯಿದೆಯೂ ಬಂದಿತು. ನಮ್ಮ ರಾಜ್ಯದವರು ನಿಧಾನವಾಗಿ ಓದಬೇಕಾದ ಭಾಗ ಇಲ್ಲಿಂದ ಶುರುವಾಗುತ್ತದೆ, ಏಕೆಂದರೆ ಆ ಸ್ವಾಯತ್ತತೆ ಕಾಗದದ ಮೇಲೆ ಇತ್ತು, ಕೈಗೆ ಮಾತ್ರ ಸಿಗಲಿಲ್ಲ.

ಕಾರಣ ಎರಡು. ಮೊದಲನೆಯದಾಗಿ, ಹೆಚ್ಚಿನ ಅಧಿಕಾರವನ್ನು ದಕ್ಷಿಣ ಟಿರೋಲ್‌ಗೆ ನೇರವಾಗಿ ಕೊಡದೆ, ಪಕ್ಕದ ಇಟಾಲಿಯನ್ ಭಾಷಿಕ ಟ್ರೆಂಟೋ ಪ್ರಾಂತ್ಯವನ್ನೂ ಸೇರಿಸಿ ರಚಿಸಿದ ಒಂದು ದೊಡ್ಡ ಪ್ರದೇಶಕ್ಕೆ ಕೊಟ್ಟರು. ತಮ್ಮ ಕಣಿವೆಯಲ್ಲಿ ಬಹುಸಂಖ್ಯಾತರಾಗಿದ್ದವರು ಆ ಪ್ರದೇಶದ ಸಭೆಯಲ್ಲಿ ಅಲ್ಪಸಂಖ್ಯಾತರಾದರು. ಎರಡನೆಯದು ಒಂದೇ ಒಂದು ಪದ. ಆ ಕಾಯಿದೆಯ 14ನೇ ವಿಧಿ, ಪ್ರದೇಶದ ಸರ್ಕಾರವು ತನ್ನ ಆಡಳಿತ ಕಾರ್ಯಗಳನ್ನು ‘ಸಾಮಾನ್ಯವಾಗಿ’ ಪ್ರಾಂತ್ಯಗಳಿಗೆ ವಹಿಸಿ ನಡೆಸುತ್ತದೆ ಎಂದು ಹೇಳಿತ್ತು. ಸಾಮಾನ್ಯವಾಗಿ ಎಂದರೆ ಯಾವಾಗ? ವಹಿಸದಿದ್ದರೆ ಕೇಳುವವರು ಯಾರು? ದಕ್ಷಿಣ ಟಿರೋಲಿನವರು ಅದನ್ನು ಕಡ್ಡಾಯವೆಂದು ಓದಿದರು, ಟ್ರೆಂಟೋದಲ್ಲಿ ಕುಳಿತ ಪ್ರದೇಶ ಸರ್ಕಾರದವರು ತಮ್ಮ ಇಷ್ಟಕ್ಕೆ ಬಿಟ್ಟದ್ದೆಂದು ಓದಿದರು, ಅಧಿಕಾರ ಟ್ರೆಂಟೋದಿಂದ ಮುಂದಕ್ಕೆ ಸಾಗಲಿಲ್ಲ.

ಹತ್ತು ವರ್ಷಗಳಲ್ಲಿ ಅಸಮಾಧಾನ ಬೀದಿಗೆ ಬಂದಿತು. 1957ರಲ್ಲಿ ಪ್ರಾಂತ್ಯದ ರಾಜಧಾನಿ ಬೋಲ್ಜಾನೋದಲ್ಲಿ 5,000 ಮನೆಗಳನ್ನು ಕಟ್ಟಿಸುವುದಾಗಿ ರೋಮ್ ಪ್ರಕಟಿಸಿದಾಗ, ಹೊರಗಿನವರನ್ನು ತಂದು ತುಂಬುವ ಹುನ್ನಾರವಿದು ಎಂದು ಸ್ಥಳೀಯರು ಸಿಡಿದೆದ್ದರು. ಆ ನವೆಂಬರ್‌ನಲ್ಲಿ ಸಿಗ್ಮುಂಡ್ಸ್‌ಕ್ರೋನ್ ಕೋಟೆಯ ಅಂಗಳದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡಿದ್ದ, ಜರ್ಮನ್ ಭಾಷಿಕರ ಪಕ್ಷದ ನಾಯಕ ಸಿಲ್ವಿಯುಸ್ ಮಾಗ್ನಾಗೋ ಆ ಜನರ ಮುಂದೆ ನಿಂತು ಕೇಳಿದ್ದು ಇಟಲಿಯಿಂದ ಬೇರೆಯಾಗುವುದನ್ನಲ್ಲ, ಟ್ರೆಂಟೋದಿಂದ ಬಿಡುಗಡೆಯನ್ನು. ಕೆರಳಿದ ಜನ ನಗರದತ್ತ ನುಗ್ಗದಂತೆ ತಡೆದು ಮನೆಗೆ ಕಳುಹಿಸಿದವರೂ ಅವರೇ. ಎಲ್ಲರೂ ಅವರಂತೆ ತಾಳ್ಮೆಯಿಂದ ಇರಲಿಲ್ಲ ಎಂಬುದನ್ನು ಮುಚ್ಚಿಡಬಾರದು: 1961ರ ಜೂನ್‌ನ ಒಂದು ರಾತ್ರಿ ಬೆಟ್ಟಗಳ ಮೇಲಿನ ವಿದ್ಯುತ್ ಗೋಪುರಗಳನ್ನು ಸ್ಫೋಟಿಸಿ ಉರುಳಿಸಿದರು, ಮುಂದಿನ ವರ್ಷಗಳಲ್ಲಿ ಎರಡೂ ಕಡೆ ಜೀವಗಳು ಹೋದವು. ಹಿಂಸೆಯನ್ನು ನಾನು ಖಂಡಿತ ಸಮರ್ಥಿಸುವುದಿಲ್ಲ. ಆದರೆ ಅವರ ಕಣ್ಣಿಗೆ ಬಿದ್ದದ್ದು ವಿದ್ಯುತ್ ಗೋಪುರಗಳೇ ಏಕೆ ಎಂಬುದು ಗ್ರೌನ್‌ನ ದಡದಲ್ಲಿ ನಿಂತವರಿಗೆ ಅರ್ಥವಾಗುತ್ತದೆ.

ಮೇಲೆ ಹೇಳಿದ ಪತ್ರದ ವಾದ ನಿಜವಾಗಿದ್ದರೆ ಇಟಲಿ ಈ ಹಂತದಲ್ಲಿ ಬಿಗಿ ಹಿಡಿಯಬೇಕಿತ್ತು. ಇಟಲಿ ಮಾಡಿದ್ದು ಬೇರೆ. ಆಸ್ಟ್ರಿಯಾದ ವಿದೇಶಾಂಗ ಸಚಿವ ಬ್ರೂನೋ ಕ್ರೈಸ್ಕಿ 1960ರಲ್ಲಿ ವಿಷಯವನ್ನು ವಿಶ್ವಸಂಸ್ಥೆಗೆ ಒಯ್ದ ಮೇಲೆ, 1961ರಲ್ಲಿ ಇಟಲಿ ಸರ್ಕಾರವೇ 19 ಜನರ ಆಯೋಗವನ್ನು ರಚಿಸಿತು. ಅದರಲ್ಲಿ 11 ಮಂದಿ ಇಟಾಲಿಯನ್ ಭಾಷಿಕರು, 7 ಮಂದಿ ಜರ್ಮನ್ ಭಾಷಿಕರು, ಮತ್ತು ಆ ಬೆಟ್ಟಗಳ ಇನ್ನೂ ಪುರಾತನ ಭಾಷೆಯಾದ ಲಾದಿನ್ ಆಡುವವರ ಪರವಾಗಿ ಒಬ್ಬರು. ವರ್ಷಗಟ್ಟಲೆ ಕುಳಿತು ಮಾತನಾಡಿದ ಫಲವಾಗಿ 137 ಅಂಶಗಳ ಒಪ್ಪಂದ ಸಿದ್ಧವಾಯಿತು. 1969ರ ನವೆಂಬರ್‌ನಲ್ಲಿ ಮೆರಾನೋ ಪಟ್ಟಣದಲ್ಲಿ ಮಾಗ್ನಾಗೋ ಅವರ ಪಕ್ಷದ ಪ್ರತಿನಿಧಿಗಳು ರಾತ್ರಿಯೆಲ್ಲ ವಾದಿಸಿ ಸಣ್ಣ ಅಂತರದಲ್ಲಿ ಅದನ್ನು ಒಪ್ಪಿದರು. 1972ರ ಜನವರಿಯಲ್ಲಿ ಎರಡನೆಯ ಸ್ವಾಯತ್ತತಾ ಕಾಯಿದೆ ಜಾರಿಗೆ ಬಂದಿತು. ಅಧಿಕಾರ ಈ ಸಲ ನೇರವಾಗಿ ಪ್ರಾಂತ್ಯಕ್ಕೆ ಬಂದಿತು. 137 ಅಂಶಗಳನ್ನು ಒಂದೊಂದಾಗಿ ಜಾರಿ ಮಾಡಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. 1992ರಲ್ಲಿ ಆಸ್ಟ್ರಿಯಾ ವಿವಾದ ಮುಗಿಯಿತೆಂದು ವಿಶ್ವಸಂಸ್ಥೆಗೆ ತಿಳಿಸಿತು. ಪ್ರಾಂತ್ಯ ಇಂದಿಗೂ ಇಟಲಿಯಲ್ಲಿಯೇ ಇದೆ.

ಈ ವ್ಯವಸ್ಥೆ ಬಿಗಿಯಾಗಿ ನಿಂತಿರುವುದು ಅದರ ಕೀಲುಗಳಿಂದ. ಸ್ವಾಯತ್ತತಾ ಕಾಯಿದೆಗೆ ಸಂವಿಧಾನದ ದರ್ಜೆಯಿದೆ; ರೋಮ್‌ನ ಸಂಸತ್ತು ಸಾಮಾನ್ಯ ಬಹುಮತದ ಮಸೂದೆಯಿಂದ ಅದನ್ನು ತಿದ್ದಲಾಗದು. ಕೇಂದ್ರದ ಕಾನೂನು ತನ್ನ ಅಧಿಕಾರವನ್ನು ಮೊಟಕು ಮಾಡುತ್ತಿದೆ ಎನಿಸಿದರೆ ಪ್ರಾಂತ್ಯವು ನೇರವಾಗಿ ಸಂವಿಧಾನ ನ್ಯಾಯಾಲಯದ ಮೆಟ್ಟಿಲೇರಬಹುದು. ಕಾಯಿದೆಯನ್ನು ಜಾರಿಗೊಳಿಸುವ ನಿಯಮಗಳನ್ನು ಮೊದಲು ಚರ್ಚಿಸುವುದು ಕೇಂದ್ರದ ಮತ್ತು ಸ್ಥಳೀಯರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿ ಕೂರುವ ಒಂದು ಆಯೋಗ. ಕಾಯಿದೆ ಬರೆಯುವುದು ಒಬ್ಬರು, ಅದರ ನಿಯಮಾವಳಿಯಲ್ಲಿ ಕತ್ತರಿ ಆಡಿಸುವುದು ಇನ್ನೊಬ್ಬರು ಎಂಬ ಆಟ ನಡೆಯದಿರಲೆಂದೇ ಈ ಏರ್ಪಾಡು. ಪ್ರಾಂತ್ಯದ ಸಭೆಯ ಅಧ್ಯಕ್ಷ ಸ್ಥಾನ ಮೊದಲರ್ಧ ಅವಧಿಗೆ ಜರ್ಮನ್ ಭಾಷಿಕರಿಗೂ ಉಳಿದರ್ಧಕ್ಕೆ ಇಟಾಲಿಯನ್ ಭಾಷಿಕರಿಗೂ ಹೋಗುತ್ತದೆ. ಸರ್ಕಾರಿ ನೌಕರಿಗೆ ಎರಡೂ ಭಾಷೆ ಬಲ್ಲೆನೆಂದು ಪರೀಕ್ಷೆಯಲ್ಲಿ ತೋರಿಸಬೇಕು. ನಾಗರಿಕನು ಕಚೇರಿಯಲ್ಲಾಗಲಿ ನ್ಯಾಯಾಲಯದಲ್ಲಾಗಲಿ ತನ್ನ ಭಾಷೆಯಲ್ಲೇ ವ್ಯವಹರಿಸಬಹುದು. ಬ್ಯಾಂಕಿನ ಕೌಂಟರಿನಲ್ಲಿ ಕನ್ನಡದಲ್ಲಿ ಮಾತನಾಡಿ ಎಂದು ನಮ್ಮೂರಿನ ಹಿರಿಯರು ಬೇಡಿಕೊಳ್ಳುವುದನ್ನು ಕಂಡಾಗಲೆಲ್ಲ ನನಗೆ ಆ ಪರೀಕ್ಷೆ ನೆನಪಾಗುತ್ತದೆ.

ಹಣದ ವಿಷಯ ಇನ್ನೂ ಮುಖ್ಯ. ಅಲ್ಲಿ ಸಂಗ್ರಹವಾಗುವ ಮುಖ್ಯ ತೆರಿಗೆಗಳಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಅಲ್ಲಿಯೇ ಉಳಿಯುತ್ತದೆ. ಶಾಲೆ, ಆಸ್ಪತ್ರೆ, ರಸ್ತೆಗಳ ಹೊರೆಯನ್ನು ಪ್ರಾಂತ್ಯವೇ ಹೊರುವುದರಿಂದ ಇದು ದಾನವಲ್ಲ. ದೇಶದ ಸಾಲದ ಹೊರೆಯಲ್ಲೂ ಅದು ಪಾಲು ಕೊಡುತ್ತದೆ. ಹೊಳೆಗಳ ನೀರಿನಿಂದ ದೊಡ್ಡ ಪ್ರಮಾಣದಲ್ಲಿ ವಿದ್ಯುತ್ ಉತ್ಪಾದಿಸುವವರು, ಪರವಾನಗಿಯ ಪ್ರತಿ ಕಿಲೋವ್ಯಾಟ್‌ಗೆ 220 ಯೂನಿಟ್‌ನಂತೆ ಪ್ರಾಂತ್ಯಕ್ಕೆ ಉಚಿತವಾಗಿ ಕೊಡಬೇಕೆಂದು ಕಾಯಿದೆಯ 13ನೇ ವಿಧಿಯೇ ಹೇಳುತ್ತದೆ. ನೆಲ ಮುಳುಗಿಸಿಕೊಂಡವರಿಗೆ ನೀರಿನ ಮೇಲೊಂದು ಹಕ್ಕು ಸಿಕ್ಕಂತಾಯಿತು.

ನಮ್ಮ ಮಲೆನಾಡಿನವರಿಗೆ ಹತ್ತಿರವಾಗುವ ಒಂದು ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಪ್ರಯಾಣದಲ್ಲಿ ನಾವು ಉಳಿದುಕೊಂಡದ್ದು ಒಂದು ಸೇಬಿನ ತೋಟದ ಮನೆಯಲ್ಲಿ. ಬೆಳಗಿನ ತಿಂಡಿ ಬಡಿಸುತ್ತಿದ್ದ ಮನೆಯೊಡತಿಗೆ, ನಾನೂ ತೋಟದವಳೇ ಎಂದು ಮಗನ ಮೂಲಕ ಹೇಳಿದೆ. ಅವರು ಮೊದಲು ಕೇಳಿದ ಪ್ರಶ್ನೆ, ನಿಮ್ಮ ತೋಟ ಎಷ್ಟು ತಲೆಮಾರಿನಿಂದ ಇಡಿಯಾಗಿ ಉಳಿದಿದೆ ಎಂಬುದು. ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಮಾವನವರ ಕಾಲದಲ್ಲಿ ಇಪ್ಪತ್ತನಾಲ್ಕು ಎಕರೆಯಿದ್ದ ತೋಟ ಈಗ ನಾಲ್ಕು ಹಿಸ್ಸೆಯಾಗಿದೆ; ಒಂದು ಪಲ್ಪರ್, ಒಂದು ಕಣ ಇದ್ದಲ್ಲಿ ನಾಲ್ಕು ಕಣ, ನಡುವೆ ತಂತಿಬೇಲಿ, ಪೋಡಿಯಾಗದ ಪಹಣಿ, ದಾರಿಯ ವ್ಯಾಜ್ಯ. ಅಲ್ಲಿ ‘ಮುಚ್ಚಿದ ಹಿಡುವಳಿ’ ಎಂಬ ಹಳೆಯ ಪದ್ಧತಿಯಿದೆ. ಹಾಗೆಂದು ದಾಖಲಾದ ತೋಟವನ್ನು ತುಂಡು ಮಾಡುವಂತಿಲ್ಲ, ಅದು ಇಡಿಯಾಗಿ ಒಬ್ಬ ವಾರಸುದಾರರಿಗೆ ಹೋಗಬೇಕು. ಉಳಿದವರಿಗೆ ಪಾಲಿನ ಹಣ ಸಿಗುತ್ತದೆ. ಆದರೆ ಅದನ್ನು ಮಾರುಕಟ್ಟೆಯ ದರದಲ್ಲಲ್ಲ, ತೋಟದ ಆದಾಯದ ಮೇಲೆ ಲೆಕ್ಕ ಹಾಕುತ್ತಾರೆ, ಇಲ್ಲದಿದ್ದರೆ ಪಾಲು ಕೊಡಲು ತೋಟವನ್ನೇ ಮಾರಬೇಕಾಗುತ್ತದೆ.

ಫ್ಯಾಸಿಸ್ಟರು 1929ರಲ್ಲಿ ಈ ಪದ್ಧತಿಯನ್ನು ರದ್ದು ಮಾಡಿದ್ದರು. 1954ರಲ್ಲಿ ಪ್ರಾಂತ್ಯದ ಸಭೆ ತನ್ನ ಕಾನೂನಿನಿಂದ ಅದನ್ನು ಮರಳಿ ತಂದಿತು. ಹಿಂದೆ ಗಂಡುಮಕ್ಕಳಿಗೆ ಇದ್ದ ಮೊದಲ ಆದ್ಯತೆಯನ್ನು 2001ರ ಕಾನೂನು ತೆಗೆದುಹಾಕಿತು ಎಂಬುದನ್ನು ಹೆಣ್ಣುಮಗಳಾಗಿ ನಾನು ವಿಶೇಷವಾಗಿ ಗಮನಿಸಿದ್ದೇನೆ. ಈ ಪದ್ಧತಿಯನ್ನು ಇಲ್ಲಿಗೆ ತರಬೇಕೆಂದು ನಾನು ಹೇಳುತ್ತಿಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಈಚೆಗಷ್ಟೇ ಸಮಪಾಲು ದಕ್ಕಿರುವ ನಮ್ಮ ದೇಶದಲ್ಲಿ ಅದರಿಂದ ಅನ್ಯಾಯವೂ ಆಗಬಹುದು. ನಾನು ಹೇಳುವುದು ಇಷ್ಟು: ಬೆಟ್ಟದ ನೆಲಕ್ಕೆ ತಕ್ಕ ಕಾನೂನನ್ನು ಬೆಟ್ಟದವರೇ ಕುಳಿತು ಬರೆದರು, ತಪ್ಪು ಕಂಡಾಗ ತಾವೇ ತಿದ್ದಿದರು. ನಮ್ಮಲ್ಲಿ ಕೋಲಾರದ ಬಯಲಿಗೂ ಬಿಸಿಲೆಯ ಇಳಿಜಾರಿಗೂ ಒಂದೇ ಕಂದಾಯ ಕಾನೂನು. ಪಶ್ಚಿಮ ಘಟ್ಟಗಳ ಸಂರಕ್ಷಣೆಯ ಕುರಿತಾದ ಕಸ್ತೂರಿರಂಗನ್ ವರದಿಯ ಹೆಸರಿನಲ್ಲಿ ಸಕಲೇಶಪುರದ ಹಳ್ಳಿಗಳ ಪಟ್ಟಿ ಬಂದದ್ದು ದೆಹಲಿಯಿಂದ. ಕಾಡು ಉಳಿಯಲೇಬೇಕೆಂಬ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಇಟಲಿಯ ದೊಡ್ಡ ರಾಷ್ಟ್ರೀಯ ಉದ್ಯಾನಗಳಲ್ಲೊಂದಾದ ಸ್ಟೆಲ್ವಿಯೋದ ನಿರ್ವಹಣೆಯನ್ನು ಈಗ ಬೋಲ್ಜಾನೋ, ಟ್ರೆಂಟೋ ಮತ್ತು ಲೊಂಬಾರ್ದಿಯ ಆಡಳಿತಗಳೇ ಹಂಚಿಕೊಂಡು ನಡೆಸುತ್ತಿವೆ ಎಂಬುದನ್ನು ಇಲ್ಲಿನವರು ತಿಳಿದಿರಲಿ.

ಆ ವ್ಯವಸ್ಥೆಯಲ್ಲಿ ನನಗೆ ಒಪ್ಪಿಗೆಯಾಗದ ಭಾಗವೂ ಇದೆ. ಸರ್ಕಾರಿ ಹುದ್ದೆಗಳನ್ನು ಭಾಷಾ ಗುಂಪುಗಳ ಪ್ರಮಾಣಕ್ಕೆ ತಕ್ಕಂತೆ ಹಂಚುವುದರಿಂದ ಹುದ್ದೆ ಬಯಸುವ ಪ್ರತಿಯೊಬ್ಬರೂ ತಾವು ಯಾವ ಗುಂಪಿನವರೆಂದು ಘೋಷಿಸಿಕೊಳ್ಳಬೇಕು. 2011ರ ಲೆಕ್ಕದಲ್ಲಿ ಜರ್ಮನ್ ಶೇ. 69.4, ಇಟಾಲಿಯನ್ ಶೇ. 26, ಲಾದಿನ್ ಶೇ. 4.5. ತಂದೆಯದೊಂದು ತಾಯಿಯದೊಂದು ಭಾಷೆಯಾದ ಮನೆಯ ಮಕ್ಕಳು ಏನೆಂದು ಬರೆಸಬೇಕು? ಜನರನ್ನು ಹೀಗೆ ಪಂಜರಗಳಲ್ಲಿ ಕೂಡಿಡಬಾರದೆಂದು ಜೀವಮಾನವಿಡೀ ಹೋರಾಡಿದ ಅಲ್ಲಿನ ರಾಜಕಾರಣಿ ಅಲೆಕ್ಸಾಂಡರ್ ಲಾಂಗರ್ ಅವರಿಗೆ, ಘೋಷಣೆ ಮಾಡಿರಲಿಲ್ಲವೆಂಬ ಕಾರಣಕ್ಕೆ, 1995ರಲ್ಲಿ ಬೋಲ್ಜಾನೋದ ಮೇಯರ್ ಚುನಾವಣೆಗೆ ನಿಲ್ಲಲು ಬಿಡಲಿಲ್ಲ. ಇದು ಆ ಕಾಯಿದೆಗೆ ಅಂಟಿದ ಕಳಂಕವೆಂದೇ ನನ್ನ ಅಭಿಪ್ರಾಯ. ಇನ್ನು ಪತ್ರಲೇಖಕರ ಮನಸ್ಸಿನಲ್ಲಿದ್ದದ್ದು ಸ್ಪೇನಿನ ಕ್ಯಾಟಲೋನಿಯಾ ಇರಬಹುದು. ಅಲ್ಲಿಯೂ ಜನಮತದಲ್ಲಿ ಗೆದ್ದು ಬಂದಿದ್ದ 2006ರ ಸ್ವಾಯತ್ತತಾ ಕಾಯಿದೆಯ ಭಾಗಗಳನ್ನು 2010ರಲ್ಲಿ ಸಂವಿಧಾನ ನ್ಯಾಯಾಲಯ ಹೊಡೆದುಹಾಕಿದ ಮೇಲೆಯೇ ಪ್ರತ್ಯೇಕತೆಯ ಕೂಗು ಜೋರಾದದ್ದು.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ನಜೀರ್ ಸಾಬರು ರೂಪಿಸಿದ 1983ರ ಕಾಯಿದೆಯಂತೆ 1987ರಲ್ಲಿ ಚುನಾವಣೆ ನಡೆದಾಗ, ಮಹಿಳೆಯರಿಗೆಂದು ಮೀಸಲಿಟ್ಟ ಶೇಕಡ 25ರ ಸ್ಥಾನಗಳಲ್ಲೊಂದರಿಂದ ನಾನು ಮಂಡಲ ಪಂಚಾಯಿತಿಗೆ ಆಯ್ಕೆಯಾಗಿದ್ದೆ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೈಕೆಳಗೆ ಜಿಲ್ಲಾಧಿಕಾರಿಗಿಂತ ಹಿರಿಯರಾದ ಮುಖ್ಯ ಕಾರ್ಯದರ್ಶಿ. ನಮ್ಮೂರ ಹಳ್ಳಕ್ಕೆ ಕಾಲುಸಂಕ ಬೇಕೆಂದು ಸಭೆಯಲ್ಲಿ ನಾನು ಎದ್ದು ನಿಂತು ಕೇಳಿದೆ, ಕೈ ನಡುಗುತ್ತಿತ್ತು. ಜಾಗ ಗೊತ್ತುಮಾಡಿದ್ದು ನಾವು, ಹಣ ಕೊಟ್ಟದ್ದು ಮಂಡಲ, ಮುಂದಿನ ಮಳೆಗಾಲದೊಳಗೆ ಮಕ್ಕಳು ಅದರ ಮೇಲೆ ಶಾಲೆಗೆ ನಡೆದರು. 2018ರ ಆಗಸ್ಟ್ ಮಳೆಯಲ್ಲಿ ಅದು ಕೊಚ್ಚಿಹೋಯಿತು. ಕೊಟ್ಟ ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಬೆಂಗಳೂರಿಗೆ ಹೋಯಿತು. ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಒಕ್ಕಣೆಯ ಎರಡು ಉತ್ತರಗಳು ನನ್ನ ಬಳಿ ಇವೆ. ಪ್ರತಿ ವರ್ಷ ಮೇ ತಿಂಗಳ ಕೊನೆಯಲ್ಲಿ ಊರವರೇ ಅಡಿಕೆ ಮರ ಕಡಿದು ಹಾಸುತ್ತಿದ್ದಾರೆ.

ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಸ್ಥಾನ ಕೊಟ್ಟ 73ನೇ ತಿದ್ದುಪಡಿ ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳ ಪಟ್ಟಿಯಿದೆ. ಆದರೆ ಅವುಗಳನ್ನು ಪಂಚಾಯಿತಿಗಳಿಗೆ ಕೊಡುವ ಬಗ್ಗೆ 243ಜಿ ವಿಧಿ ಹೇಳುವುದು, ರಾಜ್ಯದ ಶಾಸನಸಭೆ ವಹಿಸಬಹುದು ಎಂದು. ‘ಬಹುದು’ ಎಂದಿದೆ, ‘ತಕ್ಕದ್ದು’ ಎಂದಿಲ್ಲ. ಟ್ರೆಂಟೋದಲ್ಲಿ ಅಧಿಕಾರವನ್ನು ಹಿಡಿದಿಟ್ಟ ‘ಸಾಮಾನ್ಯವಾಗಿ’ ಎಂಬ ಪದದ ಅವಳಿ ಇದು. ‘ತಕ್ಕದ್ದು’ ಎಂದು ಖಚಿತವಾಗಿರುವಲ್ಲಿಯೂ ನಾವು ಪಾಲಿಸುತ್ತಿಲ್ಲ: ಪಂಚಾಯಿತಿಯ ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕೆಂದು 243ಇ ವಿಧಿ ಹೇಳುತ್ತದೆ, ಆದರೆ 2016ರಲ್ಲಿ ಆಯ್ಕೆಯಾದ ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ, ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ವ್ಯಾಜ್ಯ ಎಂದು ವರ್ಷಗಳು ಕಳೆದವು, ಆಡಳಿತಾಧಿಕಾರಿಗಳೇ ಕ್ರಿಯಾ ಯೋಜನೆಗಳಿಗೆ ಸಹಿ ಹಾಕುತ್ತಾ ಬಂದರು.

‘ಬಹುದು’ ಎಂಬುದನ್ನು ‘ತಕ್ಕದ್ದು’ ಎಂದು ಬದಲಿಸಲು ದೆಹಲಿಯನ್ನು ಕಾಯಬೇಕಾಗಿಲ್ಲ. ಸಂವಿಧಾನವು ಆ ಕೆಲಸವನ್ನು ರಾಜ್ಯದ ಶಾಸನಸಭೆಗೆ ಬಿಟ್ಟಿರುವುದರಿಂದ ವಿಧಾನಸೌಧದಲ್ಲೇ ಅದು ಆಗಬೇಕು. 73ನೇ ತಿದ್ದುಪಡಿ ಇನ್ನೂ ಹುಟ್ಟುವ ಮೊದಲೇ 1983ರಲ್ಲಿ ಈ ರಾಜ್ಯ ಅದನ್ನು ಮಾಡಿ ತೋರಿಸಿತ್ತು. ಚುನಾವಣೆ ನಡೆಸುವುದರ ಜೊತೆಗೆ, 29 ವಿಷಯಗಳಲ್ಲಿ ಯಾವುದರ ಹಣ, ಯಾವುದರ ನೌಕರರು, ಯಾವುದರ ಅಂತಿಮ ಸಹಿ ಜಿಲ್ಲೆಯಲ್ಲಿರುತ್ತದೆ ಎಂಬುದನ್ನು ಕಾಯಿದೆಯಲ್ಲೇ ಬರೆಯಬೇಕೆಂದು ಹಾಸನ ಮತ್ತು ಚಿಕ್ಕಮಗಳೂರಿನ ಶಾಸಕರೆಲ್ಲರನ್ನೂ ಪಕ್ಷಭೇದವಿಲ್ಲದೆ ಕೇಳಿಕೊಳ್ಳುತ್ತೇನೆ. ತಮ್ಮ ಪತ್ರಿಕೆಗೂ ಒಂದು ಕೋರಿಕೆ: ಆ 29 ವಿಷಯಗಳಲ್ಲಿ ಕಳೆದ ಒಂದು ವರ್ಷ ನಮ್ಮ ಎರಡು ಜಿಲ್ಲೆಗಳಿಗೆ ಸಂಬಂಧಿಸಿದ ತೀರ್ಮಾನಗಳನ್ನು ಎಲ್ಲಿ, ಯಾರು ತೆಗೆದುಕೊಂಡರು ಎಂಬ ಪಟ್ಟಿಯನ್ನು ತಮ್ಮ ವರದಿಗಾರರಿಂದ ಸಿದ್ಧಪಡಿಸಿ, ಜಿಲ್ಲಾ ಪುಟದಲ್ಲಿ ಪ್ರಕಟಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ಮಂಡಲ ಪಂಚಾಯಿತಿಯ ಮಾಜಿ ಸದಸ್ಯೆ,
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ